ಗುರುಲಿಂಗಪ್ಪ ಮಿಸ್ತ್ರಿ ನಂಬದ ಎಂಜಿನ್

ಗುರುಲಿಂಗಪ್ಪ ಮಿಸ್ತ್ರಿ ಯಾರ ಮನೆಗೆ ಹೋದರೂ ಮೊದಲು ಕೈಯಲ್ಲಿದ್ದ ಬೋಲ್ಟು ಬಿಚ್ಚುವ ಪಾನಾದಿಂದ ಗೋಡೆ ಬಡಿದು ನೋಡುತ್ತಿದ್ದರು. ಕಿವಿಗೊಟ್ಟು ಕೇಳಿ, ಕುರ್ಚಿಯನ್ನು ತಾವೇ ಎತ್ತಿಕೊಂಡು ಬಂದು ಅಂಗಳದಲ್ಲಿ ಕುಳಿತುಬಿಡುತ್ತಿದ್ದರು. ನಮ್ಮ ಸೀಮೆಯಲ್ಲಿ ಊರಿಗೆ ಊರೇ ಬಿದ್ದ ಭೂಕಂಪವಾಗಿ ಹತ್ತು ವರ್ಷ ಕಳೆದಿದ್ದರೂ ಈ ಪರೀಕ್ಷೆ ನಿಂತಿರಲಿಲ್ಲ. ಉಮರ್ಗಾದಲ್ಲಿ ನಾವು ಕಟ್ಟಿಸಿದ ಹೊಸ ಮನೆಯ ಗೋಡೆಗೂ ಏಟು ಬಿತ್ತು. ನಮ್ಮ ಯಜಮಾನರು ಮುಖ ಗಂಟಿಕ್ಕಿದರು. ಮಿಸ್ತ್ರಿ ಮಾತ್ರ "ನಿಂತದ ಅಂತ ನಂಬಬ್ಯಾಡ್ರಿ" ಎಂದು ಚಹಾ ಕೇಳಿದರು. ಚಹಾವನ್ನೂ ಮೂಸಿ ನೋಡಿಯೇ ಕುಡಿದರು.

ಹೆದ್ದಾರಿಯ ಪಕ್ಕದಲ್ಲಿ ಅವರದೊಂದು ಗಾಡಿ ರಿಪೇರಿಯ ತಗಡಿನ ಶೆಡ್ಡು. ಹಣೆಯಲ್ಲಿ ವಿಭೂತಿ, ಉಗುರಿನಲ್ಲಿ ಗ್ರೀಸು. ಗಾಡಿಗೆ ಏನಾಗಿದೆ ಎಂದು ಮಾಲೀಕನನ್ನು ಅವರು ಕೇಳುತ್ತಲೇ ಇರಲಿಲ್ಲ. ಎಣ್ಣೆ ನೋಡುವ ಕಡ್ಡಿಯನ್ನು ಎಳೆದು, ಎಣ್ಣೆಯನ್ನು ಬೆರಳಲ್ಲಿ ಉಜ್ಜಿ, ಮೂಸಿ, ಆಮೇಲೆ ಮಾಲೀಕನ ಮುಖವನ್ನು ಒಂದು ಗಳಿಗೆ ದಿಟ್ಟಿಸುತ್ತಿದ್ದರು. "ಮಾಲಕ ಹೇಳಿದ್ದು ಕೇಳ್ಕೋತ ಕುಂತ್ರ ಎಂಜಿನ್ ಹೇಳೋದು ಕೇಳಸಂಗಿಲ್ಲ" ಎನ್ನುತ್ತಿದ್ದರು. ಎಷ್ಟೋ ಗಿರಾಕಿಗಳು ಆ ನೋಟಕ್ಕೇ ಮುನಿಸಿಕೊಂಡು ಬೇರೆ ಕಡೆ ಹೋದರು.

ನನಗೆ ಅವರ ಕೆಲಸ ಬಿದ್ದದ್ದು ಅಪ್ಪನ ಗಾಡಿಯಿಂದ. ಅಪ್ಪ ಉದಗೀರದಲ್ಲಿ ಹಳೆಯ ಜಹಗೀರದಾರರ ಮನೆಯಿಂದ ಕೊಂಡಿದ್ದ ಕಪ್ಪು ಅಮೆರಿಕನ್ ಗಾಡಿ ಅದು, ಎಂಟು ಸಿಲಿಂಡರಿನದು. ಉದಗೀರ-ನಿಲಂಗಾ ರಸ್ತೆಯಲ್ಲಿ ಅದನ್ನು ಹಿಂದೆ ಹಾಕಿದ ಗಾಡಿಯನ್ನು ನಾನು ಕಾಣೆ. ನಾನು ಸ್ಟೇರಿಂಗ್ ಹಿಡಿಯಲು ಕಲಿತದ್ದೂ ಅದೇ ರಸ್ತೆಯಲ್ಲಿ, ಅಪ್ಪನ ಬೈಗುಳ ತಿನ್ನುತ್ತ. ಭೂಕಂಪದ ದಿನ ಹಳೆಯ ಕಲ್ಲಿನ ಗೋಡೆಯೊಂದು ಅದರ ಬಾನೆಟ್ಟಿನ ಮೇಲೆ ಕುಸಿಯಿತು. ಎಂಜಿನ್ನಿನ ಬದಿಯಲ್ಲಿ, ನೀರು ಹರಿಯುವ ಕಡೆ, ಗೇಣುದ್ದ ಬಿರುಕು. ಮುಂದೆ ಅಪ್ಪ ತೀರಿಕೊಂಡರು. ಅಣ್ಣ ಗಾಡಿಯನ್ನು ಭಂಗಾರಕ್ಕೆ, ಅಂದರೆ ಗುಜರಿಗೆ, ಹಾಕುತ್ತೇನೆಂದಾಗ ನಾನು ಹಟ ಮಾಡಿ ಉಮರ್ಗಾಕ್ಕೆ ಎಳೆಸಿ ತಂದೆ. ಅದನ್ನು ಓಡಿಸಿಕೊಂಡು ತವರಿಗೆ ಹೋಗಬೇಕು, ಅಷ್ಟೇ ನನ್ನ ಆಸೆ.

ಅಂಥ ಹಳೆಯ ಎಂಜಿನ್ ಬಲ್ಲವರು ಸುತ್ತಮುತ್ತ ಗುರುಲಿಂಗಪ್ಪನವರೊಬ್ಬರೇ. ಅವರಿಗೂ ಕೈ ನಡುಗಲು ಶುರುವಾಗಿತ್ತು.

"ಅಕ್ಕೋರೆ, ಒಂದು ಎಂಜಿನ್ ಕಟ್ಟೋವಷ್ಟು ಕೈ ಉಳದದ. ಎರಡನೇದು ನನ್ನಿಂದ ಆಗಂಗಿಲ್ಲ. ಯಾವುದು ಕಟ್ಟಬೇಕು, ಮೊದಲು ನಕ್ಕಿ ಮಾಡ್ರಿ."

ಯಾವುದು ಎಂದು ಕೇಳಲು ಕಾರಣವಿತ್ತು. ನಿಲಂಗಾದ ಭಂಗಾರದ ವ್ಯಾಪಾರಿ ಸೋಪಾನನ ಬಳಿ ಅದೇ ಜಾತಿಯ ಇನ್ನೊಂದು ಎಂಜಿನ್ ಇತ್ತು. ಮಿಲಿಟರಿ ಲಾರಿಯದು, ಹರಾಜಿನಲ್ಲಿ ಬಂದದ್ದಂತೆ. ನಾವಿಬ್ಬರೂ ನೋಡಲು ಹೋದೆವು. ಅವನು ಹ್ಯಾಂಡಲ್ ಅರ್ಧ ತಿರುಗಿಸುವಷ್ಟರಲ್ಲಿ ಅದು ಗುಡುಗಿತು.

"ಬಘಾ ತಾಈ, ಏಕದಮ್ ಚಾಲೂ ಆಹೆ" ಎಂದ ಸೋಪಾನ ಮರಾಠಿಯಲ್ಲಿ; ನೋಡಿ ಅಕ್ಕಾ, ಚೆನ್ನಾಗಿ ಓಡುತ್ತಿದೆ ಅಂತ.

ನನ್ನ ಮುಖ ಅರಳಿತು. ಮಿಸ್ತ್ರಿಯ ಮುಖ ಇನ್ನಷ್ಟು ಬಿಗಿಯಿತು. ನಾವು ಬರುವ ಮೊದಲೇ ಯಾರೋ ಎಂಜಿನ್ ಕಾಯಿಸಿಟ್ಟಿದ್ದಾರೆ ಎಂದರು. ಸದ್ದು ಮುಚ್ಚಲು ದಪ್ಪ ಎಣ್ಣೆ ಸುರಿದಿದ್ದಾನೆ ಎಂದರು. ಹೊಸ ಬಣ್ಣವನ್ನು ಉಗುರಿನಿಂದ ಕೆರೆದು, ಬೋಲ್ಟಿನ ಸಂದಿಯಿಂದ ಚಿಟಿಕೆ ಬಿಳಿ ಮಣ್ಣು ತೆಗೆದು ನನ್ನ ಅಂಗೈಗೆ ಹಾಕಿದರು.

"ಇದು ಹೊಲದ ಮಣ್ಣಲ್ಲರಿ. ಪಾಂಢರಿ ಮಣ್ಣು, ಗೋಡಿದು. ಯಾರದೋ ಬಿದ್ದ ಮನ್ಯಾಗಿಂದ ಕಿತ್ತು ತಂದಾರ. ನಂಬರೂ ತಿಕ್ಕಿ ಅಳಿಸ್ಯಾರ. ಮಾಲಕ ಯಾರಂತ ಗೊತ್ತಾಗೋತನಕಾ ನಾ ಮುಟ್ಟಂಗಿಲ್ಲ. ನಿಮ್ಮ ಅಪ್ಪಾರದ ಕಟ್ಟತೀನಿ. ಬಿರುಕಿನ ಉದ್ದಕ್ಕ ತಾಮ್ರದ ಮೊಳಿ ಕೂಡಸಬೇಕು. ಮುರುಮ ಊರಾಗ ನನ್ನ ತಂಗಿ ಮಗ ಮಾಡ್ತಾನ."

ತಂಗಿಯ ಮಗ ಎಂದ ಕೂಡಲೇ ನನ್ನ ತಲೆಯಲ್ಲಿ ಹುಳ ಹೊಕ್ಕಿತು. ಓಡುವ ಎಂಜಿನ್ ಬೇಡ, ಒಡೆದದ್ದೇ ಬೇಕು ಅನ್ನುತ್ತಾನಲ್ಲ ಈ ಮನುಷ್ಯ. ಮಾವ ಅಳಿಯ ಸೇರಿ ನನಗೆ ಟೋಪಿ ಹಾಕುತ್ತಿದ್ದಾರೆ ಎಂದು ನಿಶ್ಚಯಿಸಿಕೊಂಡೆ. ಮಿಸ್ತ್ರಿಗೆ ಹೇಳದೆ ಮುರುಮದ ಬಸ್ಸು ಹತ್ತಿದೆ. ಲೇಥ್ ಯಂತ್ರದ ಮುಂದೆ ನಿಂತಿದ್ದ ಅಳಿಯ ಸಂಕೋಚದಿಂದ ಹೇಳಿದ: "ಅಕ್ಕೋರ ಕಡಿಂದ ಒಂದು ಪೈಸಾ ಮುಟ್ಟಬ್ಯಾಡ ಅಂತ ಮಾಮಾ ತಾಕೀತು ಮಾಡ್ಯಾರ್ರಿ." ಅದನ್ನೂ ನಾನು ನಂಬಲಿಲ್ಲ. ಮಾವ ಹೇಳಿಕೊಟ್ಟ ಮಾತು ಅಂದುಕೊಂಡೆ. ಮರುದಿನವೇ ಸೋಪಾನನ ಎಂಜಿನ್ನನ್ನು ಕೊಂಡು, ಟೆಂಪೋದಲ್ಲಿ ಹಾಕಿಸಿ ಮಿಸ್ತ್ರಿಯ ಶೆಡ್ಡಿಗೆ ಇಳಿಸಿದೆ.

ಅವರು ಜಗಳವಾಡಲಿಲ್ಲ. "ಎಂಟು ದಿನ ಕೊಡ್ರಿ" ಎಂದಷ್ಟೇ ಹೇಳಿದರು. ಎಂಜಿನ್ನಿನ ಕೆಳಗೆ ಯಾರೋ ಬೆಸೆದಿದ್ದ ಎರಡು ಕಬ್ಬಿಣದ ಕಾಲುಗಳಿದ್ದವು. ಅದರಲ್ಲೊಂದನ್ನು ಕೊಯ್ದು ಚೀಲಕ್ಕೆ ಹಾಕಿಕೊಂಡು ಊರೂರು ತಿರುಗಿದರು. ದಾಳಿಂಬ ಎಂಬ ಊರಿನ ವೆಲ್ಡಿಂಗಿನವನೊಬ್ಬ ತನ್ನ ಕೈಕೆಲಸವನ್ನು ತಾನೇ ಗುರುತಿಸಿ, ಮಾಡಿಸಿದವರ ಊರು ಹೇಳಿದನಂತೆ. ಎಂಟನೆಯ ದಿನ ನಾನು ಶೆಡ್ಡಿಗೆ ಹೋದಾಗ, ಬಿಳಿ ಟೋಪಿಯ ಹಿರಿಯರೊಬ್ಬರು ಎಂಜಿನ್ನಿನ ಮುಂದೆ ಕುಕ್ಕರಗಾಲಲ್ಲಿ ಕುಳಿತಿದ್ದರು. ಮಾಣಿಕಪ್ಪ ಎಂದು ಹೆಸರು. ಭೂಕಂಪದಲ್ಲಿ ನೆಲಸಮವಾದ ಊರಿನವರು; ಈಗ ಸರಕಾರ ಕಟ್ಟಿಕೊಟ್ಟ ಹೊಸ ಊರಿನಲ್ಲಿದ್ದರು.

"ನಮ್ಮದೇ ಅದ," ಎಂದರು ಅವರು. "ನನ್ನ ಮಗ ಬಾವಿಗೆ ಕೂಡಸ್ಲಾಕ ತಂದಿದ್ದ. ಕಾಲು ಅವನೇ ಹಚ್ಚಿಸಿದ್ದ. ಮನ್ಯಾಗ ಇಟ್ಟಿದ್ದ. ಮಂದಿನ ಮಣ್ಣಾಗಿಂದ ತೆಗದ್ರು. ಮಗನ್ನ ಮಣ್ಣು ಮಾಡಿ ಮರುದಿನ ಹೋಗಿ ನೋಡಿದ್ರ ಇದು ಇರಲಿಲ್ಲ."

ತಗೊಂಡು ಹೋಗಿ ಕಾಕಾ ಎಂದೆ. ಅವರು ಬೇಡವೆಂದು ತಲೆಯಾಡಿಸಿದರು.

"ಈಗ ಕರೆಂಟಿನ ಮೋಟಾರ ಅದ ಬೇ. ಇದನ್ನ ಅಂವಾ ಒಮ್ಮೆನೂ ಚಾಲೂ ಮಾಡಿ ನೋಡಲಿಲ್ಲ. ಸಪ್ಪಳ ಹ್ಯಾಂಗದ, ಒಂದ್ ಸಲ ಕೇಳಸ್ರಿ."

ಮಿಸ್ತ್ರಿ ವಿಭೂತಿಯ ಗಟ್ಟಿಯನ್ನು ನೀರಿನಲ್ಲಿ ತೇಯ್ದು ಎಂಜಿನ್ನಿಗೆ ಮೂರು ಬೆರಳು ಎಳೆದರು. ನಡುಗುವ ಕೈಯಿಂದಲೇ ಹ್ಯಾಂಡಲ್ ತಿರುಗಿಸಿದರು. ಮಾಣಿಕಪ್ಪ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೇಳಿದರು. ಸಾಕು ಎಂದು ಅವರು ಕೈ ಎತ್ತುವವರೆಗೆ ಮಿಸ್ತ್ರಿ ಅದನ್ನು ಆರಿಸಲಿಲ್ಲ. ನಾನು ಶೆಡ್ಡಿನ ಹೊರಗೆ ಹೋಗಿ ಸೆರಗಿನಿಂದ ಮುಖ ಒರೆಸಿಕೊಂಡೆ. ಅವರು ಬೇಡವೆಂದರೂ ಅದೇ ಸಂಜೆ ಎಂಜಿನ್ನನ್ನು ಅವರ ಹೊಸ ಊರಿಗೆ ಕಳಿಸಿಕೊಟ್ಟೆ. ಸೋಪಾನನಿಗೆ ಮಿಸ್ತ್ರಿ ಏನು ಹೇಳಿದರೋ, ಅವನು ಆಮೇಲೆ ನನ್ನ ಕಣ್ಣಿಗೆ ಬೀಳಲಿಲ್ಲ.

ಅಪ್ಪನ ಎಂಜಿನ್ ಕಟ್ಟಲು ಮಿಸ್ತ್ರಿಗೆ ಏಳು ತಿಂಗಳು ಹಿಡಿಯಿತು. ಅಳಿಯ ಬಿರುಕಿಗೆ ತಾಮ್ರದ ಮೊಳೆಗಳನ್ನು ಸಾಲಾಗಿ ಕೂಡಿಸಿಕೊಟ್ಟ. ಎಷ್ಟಾಯಿತೆಂದು ಕೇಳಿದರೆ ನಕ್ಕು ಲೇಥ್ ಕಡೆ ತಿರುಗಿದ. ಅಳಿಯನ ಕೆಲಸವೆಂದು ಮಿಸ್ತ್ರಿ ರಿಯಾಯಿತಿ ಕೊಡಲಿಲ್ಲ; ಮೂರು ದಿನ ನೀರು ತುಂಬಿಸಿಟ್ಟು, ಹನಿ ಜಿನುಗುತ್ತದೆಯೋ ಎಂದು ಕಾಗದ ಹಚ್ಚಿ ಹಚ್ಚಿ ನೋಡಿದರು. ನಾಲ್ಕನೆಯ ದಿನ ಗಾಡಿ ಯಾರೂ ಎಳೆಯದೆ ತಾನೇ ಓಡಿ ಶೆಡ್ಡಿನಿಂದ ಹೊರಬಂತು.

ಚಾವಿ ತೆಗೆದುಕೊಳ್ಳಲು ಹೋದ ದಿನವೇ ನಾನು ಅವರನ್ನು ಕಡೆಯ ಬಾರಿ ನೋಡಿದ್ದು. ಪಕ್ಕದಲ್ಲಿ ಕೂರಿಸಿಕೊಂಡು ಶಿರೂರ ಅನಂತಪಾಳದವರೆಗೆ ಹೋಗಿ ಬಂದೆ. ದಾರಿಯುದ್ದಕ್ಕೂ ಅವರು ಎಂಜಿನ್ನಿನ ಸದ್ದು ಕೇಳುತ್ತ ಕುಳಿತಿದ್ದರು. ಇಳಿಯುವಾಗ ಬಾಗಿಲು ಹಿಡಿದುಕೊಂಡು ಹೇಳಿದರು:

"ಅಕ್ಕೋರೆ, ನೀವು ಮುರುಮಕ್ಕ ಹೋಗಿ ಅಳಿಯನ್ನ ವಿಚಾರಿಸಿ ಬಂದಿದ್ರಿ. ನನಗ ಅವತ್ತೇ ಗೊತ್ತಾಗ್ಯದ."

ನಾನು ಎಂಜಿನ್ ಆರಿಸಿದೆ.

"ನಾ ಆಗಿದ್ರೂ ಹೋಗತಿದ್ದೆ. ಶಾಣ್ಯಾರಿದ್ದೀರಿ. ಯಾರನ್ನೂ ನಂಬಬ್ಯಾಡ್ರಿ."

ಜಾಣೆ ಎಂದು ಮನಸಾರೆ ಹೇಳಿದ ಮಾತು ಅದು, ಕೊಂಕು ಇರಲಿಲ್ಲ. ಮುಂದಿನ ಮಳೆಗಾಲದಲ್ಲಿ ಅವರು ತೀರಿಹೋದರು. ಶೆಡ್ಡಿನ ಜಾಗದಲ್ಲಿ ಈಗ ಮೊಬೈಲ್ ಅಂಗಡಿ ಇದೆ. ನಾನು ಉದಗೀರಕ್ಕೆ ಗಾಡಿ ಓಡಿಸಿಕೊಂಡು ಹೋದಾಗಲೆಲ್ಲ ಆ ಮಾತು ನೆನಪಾಗುತ್ತದೆ. ಅವರು ಬೈದಿದ್ದರೆ ಕಾಲಿಗೆ ಬಿದ್ದು ತಪ್ಪಾಯಿತು ಅನ್ನುತ್ತಿದ್ದೆ. ಹೊಗಳಿಬಿಟ್ಟರು.