ವೀರೇಶಿ ಸೈಕಲ್ ಯಾಕೆ ಕೊಳ್ಳಲಿಲ್ಲ?

‘ಬ್ರೇಕ್ ಅಂದರೆ ಇದಪ್ಪಾ ಬ್ರೇಕ್. ಐದು ಸ್ಟಾರ್.’

ಅದರ ಕೆಳಗೇ ಇನ್ನೊಬ್ಬ ಬರೆದಿದ್ದ: ‘ಬ್ರೇಕ್ ಹಿಡಿದೆ, ಸೈಕಲ್ ನಿಲ್ಲಲಿಲ್ಲ. ನನ್ನನ್ನು ನಿಲ್ಲಿಸಿದ್ದು ಪಕ್ಕದ ಮನೆಯ ಗೋಡೆ. ಒಂದು ಸ್ಟಾರ್.’

ಇಬ್ಬರೂ ಕೊಂಡದ್ದು ಒಂದೇ ಸೈಕಲ್. ಒಂದೇ ಕಂಪನಿ, ಒಂದೇ ಮಾಡೆಲ್, ಬಣ್ಣವೂ ಅದೇ. ಹಾಗಾದರೆ ಸುಳ್ಳು ಹೇಳುತ್ತಿರುವವರು ಯಾರು? ಕಳೆದ ಆರು ತಿಂಗಳಿಂದ ದಿನಾ ಸಂಜೆ ಏಳೂವರೆಗೆ ನನ್ನ ಗೆಳೆಯ ವೀರೇಶಿ ಕಂಪ್ಲಿಯಿಂದ ಫೋನ್ ಮಾಡಿ ಇಂಥ ಪ್ರಶ್ನೆ ಕೇಳುತ್ತಿದ್ದ. ನಾನೇನು ಸೈಕಲ್ ಅಂಗಡಿ ಇಟ್ಟಿದ್ದೇನೆಯೇ? ಹೊಸಪೇಟೆಯ ಕಾಲೇಜೊಂದರಲ್ಲಿ ಇತಿಹಾಸ ಹೇಳುವವನು ನಾನು. (ಅದನ್ನೂ ಯಾರೂ ಕೇಳುವುದಿಲ್ಲ, ಆ ಮಾತು ಬೇರೆ.)

ವೀರೇಶಿ ಯಾರೆಂದು ಹೇಳಿಬಿಡುತ್ತೇನೆ. ಪಿಯುಸಿಯಿಂದ ನನ್ನ ದೋಸ್ತ. ಅವರ ಅಪ್ಪನ ಕಾಲದಿಂದ ಕಂಪ್ಲಿಯಲ್ಲಿ ಅಕ್ಕಿ ಗಿರಣಿ ಇದೆ. ಆಗೆಲ್ಲ ನಾವಿಬ್ಬರೂ ಹಳೇ ಸೈಕಲ್ಲುಗಳ ಮೇಲೆ ಹೊಸಪೇಟೆಯಿಂದ ಸಂಡೂರಿಗೆ ಹೋಗುತ್ತಿದ್ದೆವು. ಏರಿನಲ್ಲಿ ನಾವು ಸೈಕಲ್ ತಳ್ಳುತ್ತಿದ್ದೆವು, ಇಳಿಜಾರಿನಲ್ಲಿ ಸೈಕಲ್ ನಮ್ಮನ್ನು ತಳ್ಳುತ್ತಿತ್ತು. ತಿರುಗಿ ಬರುವಷ್ಟರಲ್ಲಿ ಅಂಗಿ, ಮುಖ, ಹಲ್ಲು ಎಲ್ಲ ಅದಿರಿನ ಧೂಳಿಗೆ ಕೆಂಪಾಗಿರುತ್ತಿದ್ದವು.

ಹೋದ ವರ್ಷ ಅವನ ಹೆಂಡತಿ ಗಿರಿಜಮ್ಮ ತೀರಿಕೊಂಡರು. ಜ್ವರ ಅಂತ ಮಲಗಿದವರು ಏಳಲೇ ಇಲ್ಲ. ಒಬ್ಬಳೇ ಮಗಳು, ಮದುವೆಯಾಗಿ ಸಂಡೂರಿನಲ್ಲಿದ್ದಾಳೆ. ಹಗಲೆಲ್ಲ ಗಿರಣಿಯಲ್ಲಿ ಹಮಾಲರು, ರೈತರು, ಲಾರಿಯವರು ಅಂತ ಗದ್ದಲ. ಸಂಜೆ ಮೋಟರು ಬಂದ್ ಆದಮೇಲೆ ಆ ಮನೆಯಲ್ಲಿ ಅವನೊಬ್ಬನೇ. ಮೈ ಇಳಿಯಿತು, ಶುಗರ್ ಏರಿತು. ಹೀಗೇ ಕೂತರೆ ಕಷ್ಟ, ದಿನಾ ಬೆಳಿಗ್ಗೆ ಸೈಕಲ್ಲಾದರೂ ಹೊಡೆಯಿರಿ ಅಂದರು ಡಾಕ್ಟರು. ಮಗಳು ನನಗೆ ಫೋನ್ ಮಾಡಿ ಅತ್ತಳು. “ಕಾಕಾ, ಹೆಂಗರ ಮಾಡಿ ಅಪ್ಪನ್ನ ಮನಿಯಿಂದ ಹೊರಗ ಕರ್ಕೊಂಡ್ ಬರ್ರಿ. ಹಿಂಗ ಕುಂತ್ರ ಅಪ್ಪ ಉಳಿಯಂಗಿಲ್ಲ.” ಆಯ್ತು ಮಗಳೇ, ಅಂತ ಮಾತು ಕೊಟ್ಟೆ.

ವೀರೇಶಿಯ ಮನಸ್ಸು ಹೋದದ್ದು ಮೌಂಟೇನ್ ಬೈಕ್ ಮೇಲೆ. ದಪ್ಪ ಟೈರು, ಮುಂದೆ ಶಾಕ್ ಅಬ್ಸಾರ್ಬರು, ಇಪ್ಪತ್ತೊಂದು ಗೇರು. ಕಂಪ್ಲಿಯಲ್ಲಿ ಎಲ್ಲಿದೆ ಮೌಂಟೇನು ಅಂತ ಕೇಳಬೇಡಿ, ನಾನು ಕೇಳಿ ಬೈಸಿಕೊಂಡಿದ್ದೇನೆ. ಕಾಲುವೆ ದಂಡೆಯ ಮಣ್ಣು ರಸ್ತೆಗೆ ಅದೇ ಬೇಕು ಅನ್ನುವುದು ಅವನ ವಾದ. ಸರಿ, ತಗೋ ಅಂದೆ. ತಗೊಂಡನೇ? ಇಲ್ಲ. ರಿವ್ಯೂ ಓದಲು ಕೂತ.

ನೀವು ಯಾವತ್ತಾದರೂ ಈ ರಿವ್ಯೂಗಳನ್ನು ಪೂರ್ತಿ ಓದಿದ್ದೀರಾ? ಸೀಟು ಸೋಫಾ ಇದ್ದಂಗಿದೆ ಅಂತಾನೆ ಒಬ್ಬ. ಆ ಸೀಟಿನ ಮೇಲೆ ಕೂತು ಬಂದು ಎರಡು ದಿನ ನಿಂತೇ ಊಟ ಮಾಡಿದೆ ಅಂತಾನೆ ಇನ್ನೊಬ್ಬ. ಸಂಡೂರು ಘಾಟಿಯನ್ನು ಎಲ್ಲೂ ನಿಲ್ಲದೆ ಹತ್ತಿದೆ ಅಂತ ಒಬ್ಬ ಫೋಟೋ ಹಾಕಿದರೆ, ಮನೆಯ ಗೇಟು ದಾಟುವ ಮೊದಲೇ ಚೈನ್ ಕಳಚಿತು ಅಂತ ಮತ್ತೊಬ್ಬನ ಗೋಳು. ನಾಲ್ಕು ಸ್ಟಾರ್ ಕೊಟ್ಟ ಮಹಾಶಯನೊಬ್ಬ ‘ಇನ್ನೂ ಬಾಕ್ಸ್ ಬಿಚ್ಚಿಲ್ಲ, ಡೆಲಿವರಿ ಸೂಪರ್’ ಅಂತ ಬರೆದಿದ್ದ. ಸೈಕಲ್ ಮಸ್ತ್ ಇದೆ, ಮನೆಯವಳಿಗೆ ಬಣ್ಣ ಹಿಡಿಸಲಿಲ್ಲ ಅಂತ ಒಂದೇ ಸ್ಟಾರ್ ಕೊಟ್ಟ ಪುಣ್ಯಾತ್ಮನೂ ಇದ್ದ.

ವಿಡಿಯೋದವರದು ಇನ್ನೊಂದು ಕಥೆ. ಇದಕ್ಕಿಂತ ಒಳ್ಳೇ ಸೈಕಲ್ ಭೂಮಿ ಮೇಲಿಲ್ಲ ಅಂತ ಈ ವಾರ ಹೇಳಿದವನು, ಮುಂದಿನ ವಾರ ಬೇರೆ ಕಂಪನಿಯ ಸೈಕಲ್ ಹಿಡಿದುಕೊಂಡು ಅದೇ ನಗುಮುಖದಲ್ಲಿ ಅದೇ ಮಾತು ಹೇಳುತ್ತಾನೆ. ನಂಬುವುದು ಯಾರನ್ನು?

ನನಗೆ ಸಿಟ್ಟು ಬಂದದ್ದು ಅವರ ಮೇಲಲ್ಲ, ವೀರೇಶಿಯ ಮೇಲೆ. ಭತ್ತದ ಚೀಲಕ್ಕೆ ಕೈ ಹಾಕಿ, ಒಂದು ಕಾಳು ಹಲ್ಲಲ್ಲಿ ಕಡಿದು, ತೇವ ಎಷ್ಟಿದೆ ಅಂತ ಹೇಳುವ ಮನುಷ್ಯ ಇವನು. ರೈತ ಆಣೆ ಮಾಡಿದರೂ ಕೇಳುವುದಿಲ್ಲ, ತಾನೇ ಕಡಿದು ನೋಡಬೇಕು. ಅಂಥವನು ಈಗ ಊರು ಕೇರಿ ಗೊತ್ತಿಲ್ಲದವರ ಮಾತು ಕಟ್ಟಿಕೊಂಡು ದಿನಾ ನನ್ನ ತಲೆ ತಿನ್ನುತ್ತಿದ್ದ. ಸೋಮವಾರ ಒಂದು ಸೈಕಲ್ ಪಕ್ಕಾ ಆಗುತ್ತಿತ್ತು, ಮಂಗಳವಾರ ಅದಕ್ಕೊಂದು ಕೆಟ್ಟ ರಿವ್ಯೂ ಹುಡುಕಿಕೊಂಡು ಬರುತ್ತಿದ್ದ. ಏಳೂವರೆಗೆ ಫೋನ್ ರಿಂಗಾದರೆ ನನ್ನ ಹೆಂಡತಿ ಟಿವಿಯಿಂದ ಕಣ್ಣು ತೆಗೆಯದೆ “ನಿಮ್ಮ ಸೈಕಲ್ ಬಂತು ನೋಡ್ರಿ” ಅನ್ನುತ್ತಿದ್ದಳು.

ಒಂದು ದಿನ ತಾಳ್ಮೆ ಕೆಟ್ಟಿತು. ಕನ್ಯೆ ನೋಡಲು ಹೋದಾಗಲೂ ನೀನು ಇಷ್ಟು ವಿಚಾರ ಮಾಡಿರಲಿಲ್ಲವಲ್ಲೋ ಅಂದುಬಿಟ್ಟೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವನು ಮೆಲ್ಲಗೆ ಹೇಳಿದ, “ಅವಾಗ ಯಾರನ್ನೂ ಕೇಳೋದು ಬೇಕಾಗಿರ್ಲಿಲ್ಲೋ ಮಾಸ್ತರ. ನೋಡಿದ ಕೂಡ್ಲೆ ಗೊತ್ತಾತು.”

ಓದಿದ್ದು ಸಾಕು, ತುಳಿದೇ ನೋಡಿಬಿಡು ಅಂತ ಕಳೆದ ಭಾನುವಾರ ಬೆಳಿಗ್ಗೆ ಅವನನ್ನು ಹಂಪಿಗೆ ಕರೆಸಿಕೊಂಡೆ. ಅಲ್ಲಿ ಟೂರಿಸ್ಟರಿಗೆ ಇಂಥವೇ ಗೇರ್ ಸೈಕಲ್ಲುಗಳನ್ನು ಬಾಡಿಗೆಗೆ ಕೊಡುವ ಹುಲಿಗೆಮ್ಮ ಅನ್ನುವವರಿದ್ದಾರೆ. ಪಂಚರ್ ಹಾಕುವುದರಿಂದ ಹಿಡಿದು ಬ್ರೇಕ್ ಬಿಗಿ ಮಾಡುವವರೆಗೆ ಎಲ್ಲ ಅವರದೇ ಕೈ. ವೀರೇಶಿ ಒಂದೊಂದೇ ಟೈರು ಒತ್ತಿ, ಪೆಡಲ್ ತಿರುಗಿಸಿ, ಕೊನೆಗೆ ಇದರಲ್ಲಿ ಚಲೋದು ಯಾವುದು ಅಂತ ಅವರನ್ನೇ ಕೇಳಿದ.

ಹುಲಿಗೆಮ್ಮ ಕೈಯ ಗ್ರೀಸ್ ಒರೆಸಿಕೊಂಡರು. “ಹೆಂಗ ಹೇಳ್ಲಿರಿ? ಇದ ಸೈಕಲ್ಲು ಮುಂಜಾನಿ ಒಬ್ರು ಭಾಳ ಮಸ್ತ್ ಐತಿ ಅಂತ ಹೇಳಿ ಹೋಗ್ತಾರ. ಸಂಜಿಗೆ ಇನ್ನೊಬ್ರು ಬೈಕೊಂತ ತಂದು ಒಗಿತಾರ. ನಡಕ ಸೈಕಲ್ ಏನ್ ಬದ್ಲಾಗಿರಂಗಿಲ್ರಿ. ನಾ ನೋಡಿದ್ ಹೇಳ್ತೀನಿ, ಜೋಡಿಲೆ ಬಂದೋರು ಸೈಕಲ್ಲಿಗೆ ಬೈಯೋದು ಕಮ್ಮಿರಿ.”

ವೀರೇಶಿ ಹತ್ತಿರದಲ್ಲಿದ್ದ ಸೈಕಲ್ಲನ್ನೇ ಎಳೆದುಕೊಂಡ. ಇಬ್ಬರೂ ಒಂದೊಂದು ಸೈಕಲ್ ಹತ್ತಿ ಬಾಳೆ ತೋಟಗಳ ಪಕ್ಕದ ದಾರಿ ಹಿಡಿದೆವು. ಐವತ್ತೇಳು ವರ್ಷದ ಇಬ್ಬರು ಗೇರ್ ಬದಲಾಯಿಸುವುದನ್ನು ನೀವು ನೋಡಬೇಕಿತ್ತು. ಅವನು ಹಗುರ ಮಾಡಲು ಹೋಗಿ ಭಾರ ಮಾಡಿಕೊಂಡ. ನಾನು ಭಾರ ಮಾಡಲು ಹೋಗಿ ಗಾಳಿಯಲ್ಲಿ ಕಾಲಾಡಿಸಿದೆ. ಒಂದು ಸಣ್ಣ ಏರಿನಲ್ಲಿ ಇಬ್ಬರೂ ಇಳಿದು, ಸೈಕಲ್ ತಳ್ಳಿಕೊಂಡು ಹೋಗಿ, ಒಂದು ಬಂಡೆಯ ನೆರಳಿನಲ್ಲಿ ಏದುಸಿರು ಬಿಡುತ್ತ ಕೂತೆವು. ವೀರೇಶಿ ನನ್ನ ಮುಖ ನೋಡಿ ನಗಲು ಶುರು ಮಾಡಿದ. ಕಣ್ಣಲ್ಲಿ ನೀರು ಬರುವವರೆಗೆ ನಕ್ಕ. ವರ್ಷವಾಗಿತ್ತು ಆ ನಗು ಕೇಳಿ. ನನಗೆಷ್ಟು ಖುಷಿಯಾಯಿತೆಂದರೆ, ಇದೇ ತಕ್ಕ ಸಮಯ ಅಂತ ಮೊಬೈಲ್ ತೆಗೆದೆ. ಇವತ್ತೇ ಆರ್ಡರ್ ಮಾಡಿಬಿಡುತ್ತೇನೆ, ಯಾವ ರಿವ್ಯೂನೂ ಬೇಡ ಅಂದೆ.

ಅವನು ಮೊಬೈಲಿನ ಮೇಲೆ ಕೈ ಇಟ್ಟ.

“ಬ್ಯಾಡೋ. ತಡಿ.”

ಯಾಕೋ, ಈಗ ಮತ್ತೇನು ತಕರಾರು ಅಂತ ರೇಗಿದೆ.

“ಸೈಕಲ್ ತಗೊಂಡ್ ಬಿಟ್ರ, ನಾಳಿಂದ ನಿನಗ ಏನಂತ ಹೇಳಿ ಫೋನ್ ಮಾಡ್ಲಿ?”

ನಾನು ಮೊಬೈಲನ್ನು ಜೇಬಿಗಿಳಿಸಿದೆ. ಅವನು ದೂರದ ಬಾಳೆ ತೋಟ ನೋಡುತ್ತ ಕೂತಿದ್ದ, ಹೇಳಬಾರದ್ದನ್ನು ಹೇಳಿದವನ ಹಾಗೆ. ಏಳೂವರೆ ಅಂದರೆ ಗಿರಿಜಮ್ಮ ಊಟಕ್ಕೆ ಕರೆಯುತ್ತಿದ್ದ ಹೊತ್ತು ಅಂತ ಆಮೇಲೆ ಅವನೇ ಹೇಳಿದ. ಆ ಹೊತ್ತಿಗೆ ಆ ಮನೆಯಲ್ಲಿ ಸುಮ್ಮನೆ ಕೂರಲು ಅವನಿಗೆ ಆಗುತ್ತಿರಲಿಲ್ಲವಂತೆ.

ಅವತ್ತಿನಿಂದ ಒಂದು ವಿಷಯ ಮುಳ್ಳಿನಂತೆ ಚುಚ್ಚುತ್ತಿದೆ. ಗಿರಿಜಮ್ಮ ಹೋದಾಗ ಹನ್ನೊಂದು ದಿನ ನಾನು ಕಂಪ್ಲಿಗೆ ಓಡಾಡಿದ್ದೆ. ಅದಾದ ಮೇಲೆ? ನಾನಾಗಿ ಅವನಿಗೆ ಒಂದು ಸಲವೂ ಫೋನ್ ಮಾಡಿರಲಿಲ್ಲ. ಕೆಲಸವೇನೂ ಇರಲಿಲ್ಲವಲ್ಲ. ನನ್ನ ಹೆಂಡತಿ ಅವಳ ತಂಗಿಯ ಜೊತೆ ಇವತ್ತಿನ ಚಟ್ನಿಯ ಬಗ್ಗೆಯೇ ಅರ್ಧ ಗಂಟೆ ಮಾತಾಡುತ್ತಾಳೆ, ನಾನು ಅದನ್ನು ನೋಡಿ ನಗುತ್ತೇನೆ. ನಾವು ಗಂಡಸರು ಮಾತ್ರ ಕಾರಣವಿಲ್ಲದೆ ಫೋನ್ ಎತ್ತುವುದಿಲ್ಲ. ಕಾರಣವಿಲ್ಲದವನು ಏನು ಮಾಡಬೇಕು? ಬ್ರೇಕು, ಗೇರು, ಸೀಟು ಅಂತ ಒಂದು ಕಾರಣ ಹುಟ್ಟಿಸಿಕೊಳ್ಳಬೇಕು.

ಆ ರಿವ್ಯೂ ಬರೆದವರೆಲ್ಲ ಒಂದೇ ಮಾತು ಹೇಳಿದ್ದರೆ ವೀರೇಶಿಗೆ ಎರಡು ಸಂಜೆಗಾಗುವಷ್ಟೂ ಮಾತು ಸಿಗುತ್ತಿರಲಿಲ್ಲ. ಒಬ್ಬರ ಮಾತು ಒಬ್ಬರು ಸುಳ್ಳು ಮಾಡುತ್ತ ಆರು ತಿಂಗಳು ನನ್ನ ಗೆಳೆಯನನ್ನು ಕಾಪಾಡಿದ ಆ ಪುಣ್ಯಾತ್ಮರ ಹೊಟ್ಟೆ ತಣ್ಣಗಿರಲಿ.

ಸೋಮವಾರ ಅವನು ಫೋನ್ ಮಾಡಿದಾಗ ಒಪ್ಪಿಸಿ ಸೈಕಲ್ ಆರ್ಡರ್ ಮಾಡಿದೆ. ಒಂದಲ್ಲ, ಎರಡು. ಭಾನುವಾರ ನಾನೂ ಕಾಲುವೆ ದಂಡೆಗೆ ಹೋಗುವವನೇ. (ನನ್ನ ಮೊಣಕಾಲಿಗೆ ಈ ಸುದ್ದಿ ಇನ್ನೂ ಹೇಳಿಲ್ಲ.) ಆದರೆ ಮಂಗಳವಾರ ಏಳೂವರೆ ದಾಟಿದರೂ ಫೋನ್ ಬರಲಿಲ್ಲ. ಟಿವಿ ನೋಡುತ್ತಿದ್ದ ಹೆಂಡತಿಯೂ ಒಮ್ಮೆ ತಿರುಗಿ ಗಡಿಯಾರ ನೋಡಿದಳು. ಎಂಟಕ್ಕೆ ಹತ್ತು ನಿಮಿಷವಿರುವಾಗ ನಾನೇ ಮಾಡಿದೆ.

“ಹೇಳೋ ಮಾಸ್ತರ, ಏನ್ ವಿಷ್ಯ?” ಅಂದ.

ಏನೂ ಇಲ್ಲ, ಸುಮ್ಮನೆ ಮಾಡಿದೆ ಅಂದೆ.

ಆ ಕಡೆ ಕುರ್ಚಿ ಎಳೆದುಕೊಂಡದ್ದು ಕೇಳಿಸಿತು. ಆವತ್ತು ವೀರೇಶಿ ಮುಕ್ಕಾಲು ಗಂಟೆ ಗಿರಿಜಮ್ಮನ ಬಗ್ಗೆ ಮಾತಾಡಿದ. ಅವರು ಹೋದಮೇಲೆ ಅವನ ಬಾಯಲ್ಲಿ ಅವರ ಹೆಸರು ಅಷ್ಟು ಸಲ ಕೇಳಿದ್ದು ಅದೇ ಮೊದಲು. ಸೈಕಲ್ಲಿನ ಸುದ್ದಿ ಒಮ್ಮೆಯೂ ಬರಲಿಲ್ಲ.

ನೀವು ಹೇಳಿ, ಏನೂ ವಿಷಯವಿಲ್ಲದೆ ಒಬ್ಬ ಗೆಳೆಯನಿಗೆ ಫೋನ್ ಮಾಡಿ ಎಷ್ಟು ದಿನವಾಯಿತು?