ಗಾಲಿಗೊಂದು ಕೆಂಪು ಬೊಟ್ಟು

ಬೆಳಗಿನ ಆರು ಗಂಟೆ. ಬಾಗಲಕೋಟೆಯ ಒಂದು ಖಾಸಗಿ ಆಸ್ಪತ್ರೆಯ ಗೇಟಿನಲ್ಲಿ ಹುಲ್ಲಪ್ಪ ಕಲಸಿದ ಕೆಮ್ಮಣ್ಣಿನಲ್ಲಿ ಬೆರಳದ್ದುತ್ತಾರೆ. ನೋಯುವ ಮೊಣಕಾಲೂರಿ ಕೂತು, ಎದುರಿನ ಸ್ಕೂಟಿಯ ಗಾಲಿಗೆ ಒಂದು ಬೊಟ್ಟು ಇಡುತ್ತಾರೆ.

"ಈ ಕುರಿ ನಮ್ಮ ಹಿಂಡಿಗೆ ಸೇರ್ತು. ನಾಳೆ ಮುಂಜಾನಿತನಕ ಯಾರೂ ರೊಕ್ಕ ಕೇಳಂಗಿಲ್ಲ, ಹೋಗಿ ಬಾ ತಂಗಿ."

ಸ್ಕೂಟಿ ಇಳಕಲ್ಲಿನ ಗೌಸಿಯಾ ಅವರದು. ಗಂಡ ಹನ್ನೊಂದು ದಿನದಿಂದ ಒಳಗಿದ್ದಾರೆ. ಗುಳಿಗೆಗೆ ಹೊರಗೆ, ರಕ್ತಕ್ಕೆ ಹೊರಗೆ, ಗಂಜಿಗೆ ಹೊರಗೆ. ಮರಳಿ ಬಂದಾಗಲೆಲ್ಲ ಇಪ್ಪತ್ತು ರೂಪಾಯಿ ಎಂಬುದು ಪಾರ್ಕಿಂಗ್ ಗುತ್ತಿಗೆದಾರನ ನಿಯಮ. ಜಡ್ಡನ್ನು ಯಾರೂ ಬೇಕೆಂದು ತರುವುದಿಲ್ಲ. ಅದು ತಂದ ಓಡಾಟಕ್ಕೂ ಸುಂಕ ಕೇಳುವುದು ಸುಲಿಗೆಯಲ್ಲದೆ ಇನ್ನೇನು?

ಹುಲ್ಲಪ್ಪ ಶಿರೂರಿನವರು. ಮೊಣಕಾಲು ಕೈಕೊಟ್ಟ ಮೇಲೆ ಕುರಿ ಮಾರಿ ಈ ಗೇಟಿಗೆ ಪಾರ್ಕಿಂಗ್ ಚೀಟಿ ಹರಿಯುವ ಕೆಲಸಕ್ಕೆ ಬಂದು ನಾಲ್ಕು ವರ್ಷ. ಹಿಂಡುಗಳು ಬೆರೆತಾಗ ಗುರುತು ಸಿಗಲೆಂದು ಕುರಿಗೆ ಬಣ್ಣ ಹಚ್ಚುವುದು ಅವರ ರೂಢಿ. ಅದನ್ನೇ ಇಲ್ಲಿಗೆ ತಂದರು. ಒಳರೋಗಿಯ ಮನೆಯವರ ಗಾಡಿಗೆ ದಿನಕ್ಕೊಂದೇ ಚೀಟಿ, ಗಾಲಿಗೊಂದು ಬೊಟ್ಟು. ದಿನಕ್ಕೆ ಮುನ್ನೂರು ಗಾಡಿ ಬಂದರೆ ಬೊಟ್ಟಿನವು ನಲವತ್ತು.

ಮೊದಲು ಹಚ್ಚುತ್ತಿದ್ದದ್ದು ಬೀರಪ್ಪ ದೇವರ ಭಂಡಾರ, ಅಂದರೆ ಅರಿಸಿನ ಪುಡಿ. ಕಳೆದ ಅಮಾವಾಸ್ಯೆ ಅದೇ ಎಡವಟ್ಟಾಯಿತು. ಗುಡಿಯಲ್ಲಿ ಪೂಜೆ ಮುಗಿಸಿದ ಗಾಡಿಗಳೆಲ್ಲ ಗಾಲಿಗೆ ಭಂಡಾರ ಮೆತ್ತಿಕೊಂಡೇ ಬಂದವು. ದೇವರ ಹಳದಿ ಯಾವುದು, ತಮ್ಮ ಹಳದಿ ಯಾವುದು ತಿಳಿಯದೆ ಹುಲ್ಲಪ್ಪ ಎಲ್ಲವನ್ನೂ ಬಿಟ್ಟರು. ಸಂಜೆ ವಸೂಲಿ ಅರ್ಧಕ್ಕಿಳಿದಿತ್ತು. ಗುತ್ತಿಗೆದಾರನ ಮೇಲ್ವಿಚಾರಕ ಸೋಮಲಿಂಗ ಗೇಟಿನಲ್ಲೇ ಕೂಗಾಡಿದ: "ಏ ಕಾಕಾ, ದವಾಖಾನಿ ಅಂದ್ರ ನಿಮ್ಮ ಕುರಿಹಟ್ಟಿ ಅನ್ಕೊಂಡೀಯೇನು?"

"ಹಟ್ಟ್ಯಾಗ ನಿಂದ್ರಾಕ ಕುರಿಗೂ ಬಾಡಗಿ ಕೇಳಂಗಿಲ್ಲ, ತಮ್ಮಾ!"

ಗುತ್ತಿಗೆದಾರನ ಕಡೆಯವರು ಹುಲ್ಲಪ್ಪನವರ ಪಗಾರದಲ್ಲಿ ಎರಡು ಸಾವಿರ ಮುರಿದರು. ಇನ್ನೊಮ್ಮೆ ಬೊಟ್ಟು ಕಂಡರೆ ಕೆಲಸವಿಲ್ಲ ಎಂದರು. ನಾಲ್ಕು ದಿನ ಹುಲ್ಲಪ್ಪ ಕೈಕಟ್ಟಿ ನಿಂತರು. ಐದನೆಯ ದಿನ ಗೌಸಿಯಾ ರಕ್ತದ ಚೀಲ ಎದೆಗವಚಿಕೊಂಡು, ಒಂದೇ ಕೈಯಲ್ಲಿ ಚಿಲ್ಲರೆ ತಡಕಾಡುತ್ತಿದ್ದರು. ಹಿಂದಿನವರು ಹಾರ್ನ್ ಬಾರಿಸುತ್ತಿದ್ದರು.

"ಅವತ್ತ ಮನಿಗೆ ಹೋಗಿ ಉಣ್ಣಾಕಾಗಲಿಲ್ರಿ. ಮರದಿನಾ ಕೆಮ್ಮಣ್ಣ ತಂದ್ನಿ. ದೇವರ ಬಣ್ಣ ಬ್ಯಾಡ, ನನ್ನ ತಪ್ಪು ನನ್ನ ಮ್ಯಾಲ ಇರಲಿ" ಎನ್ನುತ್ತಾರೆ ಹುಲ್ಲಪ್ಪ.

ಈ ಬರಹ ಅಚ್ಚಾದರೆ ಅವರ ಅನ್ನಕ್ಕೆ ಕಲ್ಲು ಬೀಳುತ್ತದಲ್ಲ? ಹೆಸರು ಬಿಡೋಣವೇ ಎಂದು ಎರಡೆರಡು ಸಲ ಕೇಳಿದ್ದಾಯಿತು. ಹುಲ್ಲಪ್ಪ ಬೆರಳು ಒರೆಸಿಕೊಳ್ಳುತ್ತಾರೆ.

"ಹೆಸರ ಹಾಕ್ರಿ. ಒಳಗ ಮಲಗಿದವ್ರ ಮಂದಿಗೆ ದಿನಕ್ಕ ಒಂದ ಚೀಟಿ ಸಾಕು ಅಂತ ಗುತ್ತಿಗೆದಾರ್ರು ಬೋರ್ಡಿನ್ಯಾಗ ಬರೀಲಿ. ಅವತ್ತ ನಾ ಬೊಟ್ಟ ಹಚ್ಚೂದ ಬಿಡ್ತೇನಿ."

ಅಷ್ಟರಲ್ಲಿ ಇನ್ನೊಂದು ಬೈಕು ಬಂತು. ಹುಲ್ಲಪ್ಪ ಮೊಣಕಾಲೂರುತ್ತಾರೆ.