ಸಮಿತಿ ಅಲ್ಲ, ಸಮ್ಮಿತಿ

ತುಮಕೂರು ರಸ್ತೆಯ ಮೇಲ್ಸೇತುವೆ ಇನ್ನೂ ಬರೀ ಕಂಬಗಳಾಗಿ ನಿಂತಿದ್ದ ವರ್ಷ, ನಮ್ಮ ಕಾರ್ಖಾನೆಯ ಕನ್ನಡ ಸಂಘದವರು ರಾಜ್ಯೋತ್ಸವಕ್ಕೆ ಸ್ಮರಣ ಸಂಚಿಕೆ ತರುವುದೆಂದು ತೀರ್ಮಾನಿಸಿದರು. ನಾನಾಗ ಪೀಣ್ಯದ ಆ ಕಾರ್ಖಾನೆಯಲ್ಲಿ ಬಿಡಿಭಾಗಗಳ ಅಳತೆ ನೋಡಿ ಪಾಸು ಮಾಡುವ, ಇಲ್ಲವೇ ವಾಪಸು ಕಳಿಸುವ ಕೆಲಸದಲ್ಲಿದ್ದೆ. ಬಿಎಸ್ಸಿಯಲ್ಲಿ ಭೌತಶಾಸ್ತ್ರ ಓದಿದವಳು ಎಂಬ ಒಂದೇ ಕಾರಣಕ್ಕೆ ಸಂಘದ ಕಾರ್ಯದರ್ಶಿ ನನ್ನನ್ನು ಹುಡುಕಿಕೊಂಡು ಬಂದರು. ಸ್ಟೋರ್ಸ್ ವಿಭಾಗದವರು, ಒಳ್ಳೆಯವರು, ಆದರೆ ಯಾವುದನ್ನೂ ಪೂರ್ತಿ ಓದಿದವರಲ್ಲ.

"ಒಂದು ವಿಜ್ಞಾನದ್ದು ಬರ್ಕೊಡಿ ಮೇಡಂ. ಎಲ್ರೂ ಕವನಾನೇ ಕೊಟ್ಟಿದ್ದಾರೆ."

ಆ ದಿನಗಳಲ್ಲಿ ನನ್ನ ತಲೆ ತುಂಬ ಒಂದೇ ಸುದ್ದಿ. ಬಹುದೂರದಲ್ಲಿ ನಡೆದ ಸ್ಫೋಟವೊಂದರ ಗಾಮಾ ಕಿರಣಗಳನ್ನು ಉಪಗ್ರಹವೊಂದು ಹಿಡಿದಿತ್ತು. ಅವುಗಳಲ್ಲಿ ಕಡಿಮೆ ಶಕ್ತಿಯವೂ ಇದ್ದವು, ಅಪಾರ ಶಕ್ತಿಯದೂ ಒಂದಿತ್ತು. ಏಳುನೂರು ಕೋಟಿ ವರ್ಷ ಓಡಿ ಬಂದರೂ ಅವುಗಳ ನಡುವಿನ ಅಂತರ ಒಂದು ಸೆಕೆಂಡನ್ನೂ ದಾಟಿರಲಿಲ್ಲ. ಸಾಪೇಕ್ಷತಾ ಸಿದ್ಧಾಂತದ ಪ್ರಕಾರ ಖಾಲಿ ಜಾಗದಲ್ಲಿ ಎಲ್ಲ ಬೆಳಕಿಗೂ ಒಂದೇ ವೇಗ. ಆದರೆ ಜಾಗವೂ ಸಮಯವೂ ಸೇರಿ ಆದ ದೇಶಕಾಲ ಅತಿ ಸೂಕ್ಷ್ಮ ಮಟ್ಟದಲ್ಲಿ ತರಿತರಿಯಾಗಿದ್ದರೆ, ಹೆಚ್ಚು ಶಕ್ತಿಯ ಬೆಳಕು ಎಡವಿ ತುಸು ಹಿಂದೆ ಬೀಳಬಹುದೆಂದು ಕೆಲವು ವಿಜ್ಞಾನಿಗಳಿಗೆ ಗುಮಾನಿಯಿತ್ತು. ಅಂಥ ಎಡವಟ್ಟೇನೂ ಕಾಣಲಿಲ್ಲ. ಯಾವ ದಿಕ್ಕಿಗೆ, ಯಾವ ವೇಗದಲ್ಲಿ ಸಾಗುವವರಿಗೂ ನಿಸರ್ಗದ ನಿಯಮ ಒಂದೇ ಎಂಬ ಸಮತೆ, ಅಂದರೆ ದೇಶಕಾಲದ ಸಮ್ಮಿತಿ, ಆ ಪರೀಕ್ಷೆಯಲ್ಲಿ ಪಾಸಾಗಿತ್ತು. ನಾಲ್ಕು ಪುಟ ಬರೆದೆ. ಒಂದು ವಾರದ ಊಟದ ಬಿಡುವು ಅದಕ್ಕೇ ಹೋಯಿತು.

ಮೊದಲ ಪ್ರೂಫ್ ಬಂತು. ಶೀರ್ಷಿಕೆ: 'ದೇಶಕಾಲದ ಸಮಿತಿಗೊಂದು ಪರೀಕ್ಷೆ'. ಒಳಗೂ ಎಲ್ಲೆಲ್ಲೂ ಸಮಿತಿ. ಟೈಪ್ ಮಾಡಿದವರು ನನ್ನದೇ ತಪ್ಪೆಂದು ತಿಳಿದು ಮಕಾರದ ಒತ್ತನ್ನು ಒಂದೂ ಬಿಡದೆ ತೆಗೆದಿದ್ದರು. ಕಾರ್ಯದರ್ಶಿಗೆ ಬೇರೆಯೇ ಚಿಂತೆ.

"ಯಾವ ಸಮಿತಿ ಮೇಡಂ ಇದು? ಮ್ಯಾನೇಜ್‌ಮೆಂಟ್‌ನೋರು ಯೂನಿಯನ್ ವಿಷ್ಯ ಅಂದ್ಕೊಂಡ್ರೆ ಕಷ್ಟ."

ಪ್ರತಿಯೊಂದಕ್ಕೂ ಕೆಂಪು ಶಾಯಿಯಲ್ಲಿ ಒತ್ತು ಕೊಟ್ಟು ಕಳಿಸಿದೆ. ಎರಡನೇ ಪ್ರೂಫಿನಲ್ಲಿ ಒತ್ತು ಬಂದಿತ್ತು, ಗುಡಿಸು ಮಾಯವಾಗಿತ್ತು. ಈಗ ಅದು 'ದೇಶಕಾಲದ ಸಮ್ಮತಿ'. ದೇಶಕಾಲ ಯಾವುದಕ್ಕೆ ಒಪ್ಪಿಗೆ ಕೊಟ್ಟಿತೋ ನನಗೆ ತಿಳಿಯದು. ಬಸ್ಸು ಹತ್ತಿ ಸಂಚಿಕೆ ಅಚ್ಚಾಗುತ್ತಿದ್ದ ದಾಸರಹಳ್ಳಿಯ ಪ್ರೆಸ್ಸಿಗೇ ಹೋಗಿ, ಟೈಪ್ ಮಾಡುವವರ ಪಕ್ಕದಲ್ಲಿ ಕೂತು ಒಂದೊಂದನ್ನೂ ತಿದ್ದಿಸಿದೆ.

ಮೂರನೆಯ ಪ್ರೂಫನ್ನು ಹಿಡಿದು ಬಂದ ಕಾರ್ಯದರ್ಶಿ, ಕೊನೆಯ ಪುಟವನ್ನು ಮಾತ್ರ ಓದಿದ್ದರು.

"ಕೊನೇಲಿ ಏನಾಯ್ತು ಅಂತ ಗೊತ್ತಾಗ್ಲಿಲ್ಲ ಮೇಡಂ."

"ಏನೂ ಆಗಲಿಲ್ಲ. ಅದೇ ವಿಷಯ."

"ಏನೂ ಆಗ್ಲಿಲ್ಲ ಅನ್ನೋಕೆ ನಾಲ್ಕು ಪುಟ ಬೇಕಾ?"

"ನಾನು ದಿನಾ ಅಷ್ಟು ಪೀಸ್ ಅಳೆದು, ವ್ಯತ್ಯಾಸ ಏನೂ ಇಲ್ಲ ಅಂತ ಸೀಲ್ ಹಾಕ್ತೀನಲ್ಲ, ಅದನ್ನ ಯಾರೂ ಕೇಳಲ್ವಲ್ಲ ಸಾರ್."

"ಅದಕ್ಕೆ ಸಂಬಳ ಕೊಡ್ತಾರೆ ಮೇಡಂ," ಎಂದು ಅವರು ಹೋದರು.

ಆ ಪ್ರೂಫ್ ನನ್ನ ಮೇಜಿನ ಮೇಲೆಯೇ ಉಳಿಯಿತು. ಮಧ್ಯಾಹ್ನ ಮಿಲ್ಲಿಂಗ್ ಯಂತ್ರದ ಆಪರೇಟರೊಬ್ಬರು ಪೀಸು ತಂದರು. ಬಾಗಲಕೋಟೆ ಕಡೆಯವರು, ಗುತ್ತಿಗೆಯ ಮೇಲೆ ಬಂದು ಎರಡು ವರ್ಷವಾಗಿತ್ತು. ನಾನು ಅಳತೆ ಮಾಡುವಷ್ಟು ಹೊತ್ತು ನಿಂತೇ ಓದಿದರು. ಪೀಸು ಪಾಸಾದ ಮೇಲೂ ಕದಲಲಿಲ್ಲ.

"ಮೇಡಂ, ಒಂದು ಸೆಕೆಂಡಿನೊಳಗ ಅಂತ ಬರ್ದೀರಿ. ಆ ಚೂರು ತಡ ದಾರ್ಯಾಗ ಆತೋ, ಹೊಂಟಾಗನ ಆತೋ, ಹೆಂಗ ಗೊತ್ತಾಗ್ತೈತ್ರಿ?"

ನನಗೆ ಮೈಯೆಲ್ಲ ಉರಿಯಿತು. ಅವರ ಮೇಲಲ್ಲ. ಅದೇ ಇಡೀ ಪರೀಕ್ಷೆಯ ತೊಡಕು. ಎರಡು ಕಿರಣಗಳೂ ಒಟ್ಟಿಗೇ ಹೊರಟವೆಂದು ಯಾರೂ ನೋಡಿಲ್ಲ. ಗೊತ್ತಿದ್ದೂ ನಾನು ಅದನ್ನು ಬರೆದಿರಲಿಲ್ಲ, ಒತ್ತುಗಳ ಹಿಂದೆ ಓಡಾಡಿಕೊಂಡಿದ್ದೆ.

"ನೀವೇ ಹೇಳಿ, ಹೇಗೆ ಕಂಡುಹಿಡಿಯೋದು?" ಎಂದೆ. ಕೇಳುವಾಗ ದನಿ ಒರಟಾಗಿಯೇ ಇತ್ತು.

ಅವರು ಬೇಸರಿಸದೆ ಯೋಚಿಸಿದರು. "ನಮ್ಮ ಶಿಫ್ಟಿನ್ಯಾಗ ಒಬ್ಬಾಂವ ದೂರ ಮಾಕಳಿಯಿಂದ ಬರ್ತಾನ, ಒಬ್ಬಾಂವ ಇಲ್ಲೇ ದಾಸರಹಳ್ಳಿಯಿಂದ. ಇಬ್ರೂ ತಡಾ ಬಂದ್ರಂತ ಇಟ್ಕೊಳ್ರಿ. ತಪ್ಪು ರಸ್ತೆದಾದ್ರ ದೂರದಿಂದ ಬರಾಂವಗ ಜಾಸ್ತಿ ತಡ ಆಗ್ಬೇಕು. ಇಬ್ರಿಗೂ ತಡ ಸಮಾ ಆಗಿತ್ತಂದ್ರ ರಸ್ತೆದೇನ್ ತಪ್ಪಿಲ್ರಿ, ಎದ್ದಿದ್ದ ತಡ."

ವಿಜ್ಞಾನಿಗಳು ಮಾಡುವುದೂ ಅದನ್ನೇ. ಬೇರೆ ಬೇರೆ ದೂರದ ಸ್ಫೋಟಗಳನ್ನು ಹೋಲಿಸಿ, ದೂರ ಹೆಚ್ಚಿದಂತೆ ತಡವೂ ಹೆಚ್ಚುತ್ತದೆಯೇ ಎಂದು ನೋಡುತ್ತಾರೆ. ಆಪರೇಟರಿಗೆ ಹಾಗೆಂದೆ. "ಹೌದ್ರಿ?" ಎಂದಷ್ಟೇ ಹೇಳಿ ಯಂತ್ರದ ಕಡೆ ನಡೆದರು.

ಆ ಸಂಜೆಯೇ ಅರ್ಧ ಪುಟ ಹೊಸದಾಗಿ ಬರೆದು, ಈ ಉಪಾಯ ಹೇಳಿದವರ ಹೆಸರನ್ನೂ ಸೇರಿಸಿ ಕಾರ್ಯದರ್ಶಿಯ ಕೈಗಿಟ್ಟೆ. ಪುಟ ಹೊಂದಿಸುವುದು ಕಷ್ಟವೆಂದು ಗೊಣಗಿದರೂ ಒಪ್ಪಿದರು. ಹೆಸರು ಕಂಡಾಗ ನಿಂತರು.

"ಕಾಂಟ್ರ್ಯಾಕ್ಟ್‌ನೋರ ಹೆಸರು ಹಾಕಕ್ಕಾಗಲ್ಲ ಮೇಡಂ. ಸಂಘದ ಮೆಂಬರ್ ಅಲ್ಲ ಅವ್ರು."

"ಲೇಖನ ನನ್ನದು. ಹೆಸರು ಹಾಕಿದರೆ ಏನಾಗುತ್ತೆ?"

"ಆಮೇಲೆ ಮಿಕ್ಕೋರೂ ಕೇಳ್ತಾರೆ."

ಎರಡು ದಿನ ಜಗಳವಾಡಿದೆ. ಲೇಖನವನ್ನೇ ವಾಪಸು ತೆಗೆದುಕೊಳ್ಳುತ್ತೇನೆ ಎಂದೆ. ಅವರು ಪಾಪ ಮ್ಯಾನೇಜರ್ ಬಳಿಗೂ ಹೋಗಿ ಬಂದರು. ಕೊನೆಗೆ 'ಸಹೋದ್ಯೋಗಿಯೊಬ್ಬರು' ಎಂದು ಹಾಕುವುದಾಯಿತು. ನಾನು ಒಪ್ಪಿದೆ. ಒಪ್ಪಬಾರದಿತ್ತೆಂದು ಈಗಲೂ ಅನಿಸುತ್ತದೆ.

ಸಂಚಿಕೆ ಬಂದ ದಿನ ಒಂದು ಪ್ರತಿ ಹಿಡಿದು ಆ ಆಪರೇಟರ ಯಂತ್ರದ ಬಳಿ ಹೋದೆ. ಹೆಸರಿಲ್ಲದ್ದಕ್ಕೆ ಕ್ಷಮೆ ಕೇಳಬೇಕೆಂದು ಮಾತು ಜೋಡಿಸಿಕೊಂಡಿದ್ದೆ. ಅವರು ಕೈ ಒರೆಸಿಕೊಂಡು ಆ ಅರ್ಧ ಪುಟವನ್ನು ಎರಡು ಸಲ ಓದಿದರು. ಹೆಸರಿನ ಸುದ್ದಿಯನ್ನೇ ಎತ್ತಲಿಲ್ಲ.

"ಇಬ್ರನ್ನ ನೋಡಿ ಹೇಳಾಕ ಬರಂಗಿಲ್ರಿ ಮೇಡಂ. ಮಾಕಳ್ಯಾಂವ ಮೊದ್ಲ ತಡಾ ಏಳಾಂವ ಇದ್ರ? ಭಾಳ ಮಂದಿ ಬೇಕು, ಭಾಳ ಊರಿನ ಮಂದಿ."

"ಅಚ್ಚಾದ ಮೇಲೆ ಹೇಳ್ತೀರಲ್ಲ," ಎಂದು ರೇಗಿದೆ.

"ನೀವು ಬರಿಯೂದಕ್ಕ ಮೊದ್ಲ ನನಗ ತೋರಿಸ್ಲಿಲ್ಲಲ್ರಿ."

ಅವರು ಹೇಳಿದ್ದು ಸರಿಯಾಗಿತ್ತು. ಸಂಚಿಕೆಯನ್ನು ಅವರ ಬಳಿಯೇ ಬಿಟ್ಟು ನನ್ನ ಮೇಜಿಗೆ ವಾಪಸು ಬಂದೆ.